ಬಿಳಿ ಕಂಬಳಿಯ ಪಟ್ಟಾಭಿಷೇಕ

ಬೆಳಕವಾಡಿಯಲ್ಲಿ ಹಾಡಹಗಲೇ ಒಬ್ಬ ಉಜ್ಬೇಕ್ ಖಾನನಿಗೆ ಪಟ್ಟ ಕಟ್ಟಿದವನು ನಾನು. ನಂಬಲ್ಲ ತಾನೇ? ನಂಬಬೇಡಿ, ಎಷ್ಟು ಹೊತ್ತು ತಡೆಯುತ್ತೀರೋ ನೋಡೇಬಿಡೋಣ.

ಮೊನ್ನೆ ಹಲಗೂರು ಬಸ್ಸಿನಲ್ಲಿ ಪಕ್ಕ ಕೂತವನ ಹೆಗಲ ಮೇಲೆ ನೆಂದ ಕಂಬಳಿ. ಆ ಕುರಿವಾಸನೆ ಮೂಗಿಗೆ ಹೊಡೆದದ್ದೇ ನಮ್ಮ ಹಿಸ್ಟ್ರಿ ಮೇಷ್ಟ್ರು ಕಣ್ಣಮುಂದೆ ಬಂದು ನಿಂತರು...

ಕುರಿ ಮೇಯಿಸುವವರ ಮಕ್ಕಳಾದ ನಮಗೆ ಅವರು ಪುಸ್ತಕದಲ್ಲಿಲ್ಲದ ಪಾಠ ಹೇಳುತ್ತಿದ್ದರು. ಆರು ನೂರು ವರ್ಷದ ಹಿಂದೆ ಕುರಿ, ಕುದುರೆ ಹೊಡೆದುಕೊಂಡು ಅಲೆಯುತ್ತಿದ್ದ ಉಜ್ಬೇಕ್ ಬುಡಕಟ್ಟುಗಳು. ಒಬ್ಬರನ್ನು ಕಂಡರೆ ಒಬ್ಬರಿಗಾಗದು. ಹದಿನೇಳರ ಹುಡುಗನೊಬ್ಬ ಅವರನ್ನೆಲ್ಲ ಒಂದು ಮಾಡಿದ. ಮುಖಂಡರು ಅವನನ್ನು ಬಿಳಿ ಕಂಬಳಿಯ ಮೇಲೆ ಕೂರಿಸಿ, ಅಂಚು ಹಿಡಿದು ಮೇಲೆತ್ತಿ ಖಾನ ಅಂದರು. ನಮ್ಮಲ್ಲಿ ದೊಡ್ಡವರಿಗೆ ಕಂಬಳಿ ಹಾಸುತ್ತೇವೆ, ಅಲ್ಲಿ ಕಂಬಳಿ ಸಮೇತ ಎತ್ತುತ್ತಾರೆ.

"ಕೊನೇಲಿ ಅದೇ ಜನ ಅವನ್ನ ಬುಟ್ಟು ಒಂಟೋದ್ರು ಕಣ್ರಲಾ" ಅನ್ನುವಾಗ ಮೇಷ್ಟ್ರ ದನಿ ಸಣ್ಣಗಾಗುತ್ತಿತ್ತು.

ಅವರು ರಿಟೈರಾದ ದಿನ ಬಿಳಿ ಕಂಬಳಿ ತಂದವನು ನಾನೇ. ಇಂಥ ಐಡಿಯಾ ಮಳವಳ್ಳಿ ತಾಲ್ಲೂಕಿನಲ್ಲಿ ಇನ್ಯಾರಿಗೆ ಹೊಳೆಯಬೇಕು! ಹಳೇ ಶಿಷ್ಯರು ನಾಲ್ವರು ಒಂದೊಂದು ಮೂಲೆ ಹಿಡಿದೆವು.

"ಕೂತ್ಕಳಿ ಸಾ, ಇವತ್ತು ನೀವೇ ಖಾನ."

"ಬ್ಯಾಡ ಕಣ್ರಲಾ, ಬೀಳಿಸ್ಬುಟ್ಟೀರಿ!" ಅನ್ನುತ್ತಲೇ ಚಕ್ಕಂಬಕ್ಕಳ ಹಾಕಿ ಕೂತರು. ಎದೆಮಟ್ಟಕ್ಕೆ ಎತ್ತಿದೆವು. ಇಸ್ಕೂಲಿಗೆ ಇಸ್ಕೂಲೇ ಚಪ್ಪಾಳೆ. ಮೇಷ್ಟ್ರು ಮೀಸೆ ತಿರುವಿದರು. ಅವರು ಒಂದು ಸಲ ಕಿರುಚಬೇಕು, ಎಲ್ಲರೂ ನಗಬೇಕು... ನನ್ನ ಮೂಲೆ ಬಿಟ್ಟು ತಟ್ಟನೆ ಹಿಡಿದುಕೊಳ್ಳೋಣ ಅಂತ ಬಿಟ್ಟೆ. ಹಿಡಿಯಲಾಗಲಿಲ್ಲ.

ಸೊಂಟ ಮುರಿಯಿತು. ಮಂಡ್ಯದಲ್ಲಿ ಆಪರೇಷನ್ ಆಯಿತು. ದಿನಾ ಸಂಜೆ ಜಲಪಾತದ ಹತ್ತಿರದ ಬ್ಲಫ್‌ವರೆಗೆ ನಡೆದು ಬರುತ್ತಿದ್ದ ಮನುಷ್ಯ ಆಮೇಲೆ ಮಂಚ ಬಿಟ್ಟು ಏಳಲೇ ಇಲ್ಲ. ಮಗ್ಗುಲು ಬದಲಿಸಲೂ ಇನ್ನೊಬ್ಬರು ಬೇಕು. ಕೈ ಜಾರಿತು ಅಂತ ಊರಿಗೆಲ್ಲ ಹೇಳಿದ್ದೆ. ವಾರವಾರ ಹೋಗಿ ಜೋಕು ಹೊಡೆಯುತ್ತಿದ್ದೆ, ಬೇರೇನು ಮಾಡಲಿ... ಒಂದು ಭಾನುವಾರ ತಡೆಯಲಾಗದೆ ಅಂದುಬಿಟ್ಟೆ, "ಸಾ, ಅವತ್ತು ಕೈ ಜಾರ್ಲಿಲ್ಲ. ಬೇಕೂಂತ್ಲೇ ಬುಟ್ಟೆ."

"ಗೊತ್ತು ಕಣ್ಲಾ ತರ್ಲೆ, ಓಗ್ಲಿ ಬುಡು" ಅಂತ ನಕ್ಕರು.

ಮುಂದಿನ ಬೇಸಿಗೆಯಲ್ಲಿ ತೀರಿಕೊಂಡರು. ಈಗ ನನಗೆ ಅವರಿಗಿಂತ ಹೆಚ್ಚು ವಯಸ್ಸು. ಮೊನ್ನೆ ಕಂಬಳಿಯವನು ಇಳಿದು ಹೋದ. ನನ್ನ ಸ್ಟಾಪು ದಾಟಿದ್ದೇ ನನಗೆ ತಿಳಿಯಲಿಲ್ಲ.

ಇಷ್ಟು ಹೇಳಿದ್ದರಲ್ಲಿ ಸುಳ್ಳು ಒಂದೇ. ಆ ಭಾನುವಾರ ಮೇಷ್ಟ್ರು ನಗಲಿಲ್ಲ, "ಓಗ್ಲಿ ಬುಡು" ಅನ್ನಲೂ ಇಲ್ಲ. ಗೋಡೆಯ ಕಡೆ ತಿರುಗಲು ನೋಡಿದರು, ಆಗಲಿಲ್ಲ. ಕೊನೆಗೆ ನಾನೇ ಹಿಡಿದು ಆ ಕಡೆ ತಿರುಗಿಸಿ ಮಲಗಿಸಿದೆ.