ಅತ್ತೆಯ ಮೀನುಗಳು ಊರು ಬಿಟ್ಟದ್ದು

ಅಣ್ಣನ ಮಕ್ಕಳು ಅವಳನ್ನು ಅತ್ತೆ ಎಂದು ಕರೆದರು. ಅವರ ಬಾಯಿಂದ ಅದು ಬೀದಿಗೆ ಹೋಯಿತು, ಕೊನೆಗೆ ಹಾಲಿನವನೂ ಅತ್ತೆ ಎನ್ನತೊಡಗಿದ. ಗಂಡನಿಲ್ಲ, ಸೊಸೆಯಿಲ್ಲ, ಆದರೂ ಊರಿಗೆಲ್ಲ ಅತ್ತೆ! ಬಾಯಿ ತುಂಬ ಹೆಸರು ಹಿಡಿದು ಕರೆಯುತ್ತಿದ್ದ ತಾಯಿ ವರ್ಷಗಟ್ಟಲೆ ಹಾಸಿಗೆ ಹಿಡಿದು, ಇವಳ ಕೈತುತ್ತಿನಲ್ಲೇ ಬದುಕಿ ಹೋದಳು. ಆ ವರ್ಷಗಳಲ್ಲಿ ಬಂದ ಸಂಬಂಧಗಳನ್ನೆಲ್ಲ "ಅಮ್ಮನ್ನ ಯಾರು ನೋಡ್ಕೊಳ್ತಾರೆ?" ಎಂದು ಅಣ್ಣ ಬಾಗಿಲಿನಿಂದಲೇ ತಿರುಗಿಸಿ ಕಳಿಸಿದ್ದ. ಅಮ್ಮ ಹೋದ ಮೇಲೆ ಕೇಳಿಕೊಂಡು ಯಾರೂ ಬರಲಿಲ್ಲ.

ಆ ಮನೆಯಲ್ಲಿ ತನ್ನದು ಎಂದು ಹೇಳಿಕೊಳ್ಳಲು ಅವಳಿಗಿದ್ದದ್ದು ಒಂದು ಗಾಜಿನ ತೊಟ್ಟಿ, ಅದರೊಳಗೆ ಏಳು ಮೀನು. ಹಿಂದೆ ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವ ಕೆಲಸ ಅವಳದು. ಹೆದರಿ ಕೂತ ರೋಗಿಗಳ ಗಮನ ಬೇರೆಡೆ ಸೆಳೆಯಲು ಅಲ್ಲಿ ಇಟ್ಟಿದ್ದ ತೊಟ್ಟಿ ಅದು. ಕ್ಲಿನಿಕ್ ಮುಚ್ಚುವಾಗ ಡಾಕ್ಟರು, "ಸಾಕಿದವಳು ನೀನು, ನೀನೇ ತಗೊಂಡು ಹೋಗಮ್ಮ" ಎಂದರು. ಜನ್ಮದಲ್ಲಿ ಅವಳಿಗೆ ಏನನ್ನಾದರೂ ತಗೋ ಎಂದವರು ಅವರೊಬ್ಬರೇ.

ಅಣ್ಣನಿಗೆ ದೂರದ ಊರಿಗೆ ವರ್ಗವಾಯಿತು. ಇಡೀ ಹಗಲು ಕಾರಿನಲ್ಲಿ ಕೂತು ಹೋಗುವಷ್ಟು ದೂರ.

"ಈ ಮೀನನ್ನ ಯಾರಿಗಾದ್ರೂ ಕೊಟ್ಬಿಡು," ಎಂದ ಅಣ್ಣ.

"ನಾನು ಬರ್ಬೇಕು ಅಂದ್ರೆ ಅವೂ ಬರ್ಬೇಕು," ಎಂದಳು ಅತ್ತೆ.

ಅಲ್ಲಿ ಅಡುಗೆ ಯಾರು ಮಾಡುವುದು ಎಂಬ ಯೋಚನೆ ಅತ್ತಿಗೆಯ ಮುಖದ ಮೇಲೆ ಹಾದುಹೋಯಿತು. ಮೀನುಗಳಿಗೆ ಅಪ್ಪಣೆ ಸಿಕ್ಕಿತು.

ಮೀನಿನ ಅಂಗಡಿಯವನು ಹೇಳಿದ್ದನ್ನೆಲ್ಲ ಅತ್ತೆ ಚಾಚೂ ತಪ್ಪದೆ ಮಾಡಿದಳು. ಹೊಟ್ಟೆ ತುಂಬಿದ್ದರೆ ದಾರಿಯಲ್ಲಿ ತಮ್ಮ ನೀರನ್ನು ತಾವೇ ಕೆಡಿಸಿಕೊಳ್ಳುತ್ತವೆಂದು ಮೊದಲೇ ಮೇವು ನಿಲ್ಲಿಸಿದಳು. ಕವರುಗಳಿಗೆ ಆಕ್ಸಿಜನ್ ತುಂಬಿಸಿ, ಥರ್ಮಾಕೋಲ್ ಪೆಟ್ಟಿಗೆಯ ಕತ್ತಲೆಯಲ್ಲಿ ಕೂರಿಸಿದಳು. ಎಲ್ಲಕ್ಕಿಂತ ಮುಖ್ಯವಾದದ್ದು ಫಿಲ್ಟರಿನ ಸ್ಪಂಜು. ನೋಡಿದರೆ ಹೇಸಿಗೆಯಾಗುವಂತೆ ಲೋಳೆಲೋಳೆ. ಆದರೆ ಮೀನಿನ ಹೊಲಸು ತಿಂದು ನೀರಿನ ವಿಷ ತೆಗೆಯುವ, ಕಣ್ಣಿಗೆ ಕಾಣದ ಜೀವಗಳು ಇರುವುದು ಆ ಲೋಳೆಯಲ್ಲೇ. ಅದನ್ನು ಹಳೆಯ ನೀರಿನ ಕ್ಯಾನಿನಲ್ಲಿ ಮುಳುಗಿಸಿಟ್ಟು, "ಇದನ್ನ ಮಾತ್ರ ಯಾರೂ ತೊಳೀಬೇಡಿ" ಎಂದು ಎಲ್ಲರಿಗೂ ಹೇಳಿದಳು. ಅಣ್ಣ ಫೋನಿನಿಂದ ತಲೆಯೆತ್ತದೆ ಹೂಂಗುಟ್ಟಿದ.

ದಾರಿಯುದ್ದಕ್ಕೂ ಪೆಟ್ಟಿಗೆ ಅವಳ ತೊಡೆಯಿಂದ ಇಳಿಯಲಿಲ್ಲ. "ಹೆತ್ತವ್ರೂ ಹೀಗೆ ಹೊತ್ಕೊಂಡು ಕೂರಲ್ಲ," ಎಂದು ಅತ್ತಿಗೆ ನಕ್ಕಳು. ಚುಚ್ಚಲೆಂದೇ ಆಡಿದ ಮಾತು, ಚುಚ್ಚಿತು. ಊಟಕ್ಕೆ ನಿಲ್ಲಿಸಿದಾಗ ಬಿಸಿಲಿಗೆ ಕಾದ ಕಾರಿನೊಳಗೆ ಅವನ್ನು ಬಿಡಲಾರದೆ, ಉಳಿದವರು ಉಂಡು ಬರುವ ತನಕ ಪೆಟ್ಟಿಗೆ ಹೊತ್ತು ನೆರಳಲ್ಲಿ ನಿಂತಿದ್ದಳು. ಹೊಸ ಮನೆಯಲ್ಲಿ ಮುಚ್ಚಳ ತೆಗೆದರೆ ಏಳಕ್ಕೆ ಏಳೂ ಬಾಲ ಆಡಿಸುತ್ತಿದ್ದವು. ಸಂತೋಷಕ್ಕೆ ಅವಳಿಗೆ ಅಳುವೇ ಬಂತು. ತಂದ ನೀರಿನಲ್ಲಿ ಸ್ವಲ್ಪ ಬಕೆಟ್ಟಿಗೆ ಸುರಿದು, ಮೀನುಗಳನ್ನು ಅದಕ್ಕೆ ಬಿಟ್ಟು, ತೊಟ್ಟಿ ಬೆಳಗ್ಗೆ ಜೋಡಿಸಿದರಾಯಿತೆಂದು ಊದಿದ ಕಾಲು ಚಾಚಿದಳು.

ಜನ್ಮವಿಡೀ ಉಕ್ಕದಿದ್ದ ಪ್ರೀತಿ ಅಣ್ಣನಿಗೆ ಮರುದಿನವೇ ಉಕ್ಕಬೇಕೆ? ತಂಗಿ ಏಳುವ ಮೊದಲೇ ಎದ್ದು ಅಂಗಿಯ ತೋಳು ಮಡಚಿದ.

"ಏಳಮ್ಮ, ಬಂದು ನೋಡು!"

ತೊಟ್ಟಿ ಫಳಫಳ ಹೊಳೆಯುತ್ತಿತ್ತು. ಅಂಚಿನವರೆಗೆ ನಲ್ಲಿಯ ನೀರು, ನೀರಿನೊಳಗೆ ಮೀನು. ಕ್ಯಾನಿನ ನೀರು ಗಲೀಜೆಂದು ಮೋರಿ ಸೇರಿತ್ತು. ಸ್ಪಂಜನ್ನು ಕುದಿಯುವ ನೀರಿನಲ್ಲಿ ಅದ್ದಿ, ಬ್ರಷ್ಷಿನಿಂದ ತಿಕ್ಕಿ ಹೊಸದರಂತೆ ಮಾಡಿದ್ದ.

"ಎಷ್ಟು ಕೊಳೆ ಇತ್ತು ಗೊತ್ತಾ? ನಿನಗೋಸ್ಕರ ಕೈ ನೋಯೋ ತನಕ ತಿಕ್ಕಿದೀನಿ!"

ಅವನ ಮುಖದ ತುಂಬ ಹೆಮ್ಮೆ. ಕೊಂದೆಯಲ್ಲೋ ಎಂದು ಕೂಗಬೇಕೆನಿಸಿತು ಅತ್ತೆಗೆ. "ಚೆನ್ನಾಗಿದೆ ಅಣ್ಣ," ಎಂದಳು. ಉಪಕಾರ ಮಾಡಿದವರ ಎದುರು ಬಾಯಿ ಮುಚ್ಚಿಕೊಂಡಿರುವುದು ಆ ಮನೆ ಅವಳಿಗೆ ಕಲಿಸಿದ ಒಂದೇ ವಿದ್ಯೆ.

ಆಮೇಲೆ ನಲ್ಲಿ ನೀರಿನ ಕ್ಲೋರಿನ್ ಹೋಗಲೆಂದು ಬಕೆಟ್ಟುಗಳಲ್ಲಿ ತಂಗಿಸಿಟ್ಟು, ತೊಟ್ಟಿಯ ನೀರನ್ನು ಮತ್ತೆ ಮತ್ತೆ ಬದಲಿಸಿದಳು. ಗೊತ್ತಿಲ್ಲದ ಬೀದಿಗಳಲ್ಲಿ ಅಲೆದು ಔಷಧಿ ತಂದು ಹನಿಸಿದಳು. ಮೀನುಗಳು ಮೇಲಕ್ಕೆ ಬಂದು ಬಾಯಿ ಬಾಯಿ ಬಿಟ್ಟವು. ಒಂದೊಂದಾಗಿ ಹೋಗಿ ತೊಟ್ಟಿ ಬರಿದಾಯಿತು.

ಮಹಡಿಯಿಂದ ಇಳಿದು ಬಂದ ಮನೆ ಒಡತಿ ಅದನ್ನು ನೋಡಿ, "ಮೀನೆಲ್ಲಿ?" ಎಂದು ಕೇಳಿದಳು.

"ಅಷ್ಟು ದೂರ ತರೋದು ಬೇಡ ಅಂತ ಬಡ್ಕೊಂಡೆ," ಎಂದ ಅಣ್ಣ. "ನಮ್ಮ ತಂಗಿ ಕೇಳ್ಬೇಕಲ್ಲ! ದಾರೀಲೇ ಅರ್ಧ ಜೀವ ಆಗಿದ್ವು, ಪಾಪ. ನಾನೂ ತೊಳೆದು ಬಳಿದು ಎಷ್ಟೋ ನೋಡಿದೆ."

ಅತ್ತಿಗೆ ಹೌದೆಂದು ತಲೆಯಾಡಿಸಿದಳು. ಬಂದವಳಿಗೆ ಕಾಫಿ ತಂದಿದ್ದ ಅತ್ತೆ ಲೋಟವನ್ನು ಮೇಜಿನ ಮೇಲಿಟ್ಟಳು.

"ದಾರೀಲಿ ಏಳೂ ಚೆನ್ನಾಗಿದ್ವು," ಎಂದಳು. "ನಿನ್ನ ಕೈಗೆ ಸಿಕ್ಕಿದ್ಮೇಲೆ ಸತ್ವು."

"ಏನಮ್ಮ ಹಾಗಂದ್ರೆ? ನಿನ್ನ ಒಳ್ಳೇದಕ್ಕೇ ಅಲ್ವಾ ಮಾಡಿದ್ದು?"

"ನನ್ನ ಒಳ್ಳೇದಕ್ಕೆ ನೀನು ಮಾಡಿದ್ದೆಲ್ಲ ಹೀಗೇ ಆಗಿದ್ದು ಅಣ್ಣ," ಎಂದಳು ಅತ್ತೆ. "ಅವು ಸತ್ತು ತೋರಿಸಿದ್ವು. ನಾನು ಅಡುಗೆ ಮಾಡ್ಕೊಂಡಿದೀನಿ, ಅಷ್ಟೇ."