ಹುಳ ಕೊಲ್ಲುವ ಕೈಗೆ ಹುಳುಮನೆಯ ಭಯ

ಮೊಳಕಾಲ್ಮೂರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶೈಲಜಾ ಅವರ ನಡುಮನೆಯಲ್ಲಿ ಕರಿಯಕ್ಕ ಮಂಡಿಯೂರಿ ಕೂತಿದ್ದಾರೆ. ಪಕ್ಕದಲ್ಲಿ ಸೋಪಿನ ನೀರಿನ ಬಕೆಟ್ಟು, ಹಳೇ ಪಂಚೆಯ ತುಂಡು, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಕಡ್ಡಿ. ಕ್ರೋಟನ್ ಗಿಡದ ಎಲೆಯನ್ನು ಮಗುವಿನ ಗಲ್ಲ ಹಿಡಿದ ಹಾಗೆ ಹಿಡಿದು ಮಗುಚುತ್ತಾರೆ, ಬೆನ್ನು ಒರೆಸುತ್ತಾರೆ. ಎಲೆಯ ಸಂದಿಯಲ್ಲಿ ಬೆಳ್ಳಗೆ ಅಂಟಿಕೊಂಡಿರುವುದು ಹಿಟ್ಟು ತಿಗಣೆ. ಗಿಡದ ರಸ ಹೀರಿ ಹೀರಿಯೇ ಅದನ್ನು ಮುಗಿಸುವ ಕಳ್ಳ.

ಊರಿನ ಎಂಟು ಮನೆಗಳ ನೂರಕ್ಕೂ ಹೆಚ್ಚು ಕುಂಡಗಳು ಕರಿಯಕ್ಕನ ಪಾಲಿಗಿವೆ. ಮನಿ ಪ್ಲಾಂಟು, ಆಂಥೂರಿಯಂ ಎಂದು ಮನೆಯವರು ಹೆಸರು ಹಿಡಿದು ಕರೆದರೂ ಇವರಿಗೆ ಎಲ್ಲವೂ ‘ನೆರಳಿನ ಗಿಡ’. ಎಷ್ಟೇ ಉಜ್ಜಿದರೂ ಕೆಲವು ಸಾಯುತ್ತವೆ, ಆಗ ಬೈಗುಳವೂ ಇವರ ಪಾಲಿಗೇ.

“ಇರುವೆ ಕುಂಡ ಹತ್ತಿದ್ರೆ ಮ್ಯಾಲೆ ತಿಗಣೆ ಐತೆ ಅಂತ್ಲೇ ತಿಳ್ಕಬೇಕು” ಎನ್ನುತ್ತಾರೆ. “ಚಳ್ಳಕೆರೆಯಿಂದ ಹೊಸ ಗಿಡ ತಂದ್ರೆ ಎರಡು ಮೂರು ವಾರ ಹಿತ್ತಲಲ್ಲೇ ಇಡ್ರಿ ಅಂತೀನಿ. ಯಾರು ಕೇಳ್ತಾರೆ? ಹೊಸ ಸೊಸೆ ಥರ ಸೀದಾ ಒಳಗೆ ಕರ್ಕಂತಾರೆ.”

ಬೆಳಗೆಲ್ಲ ಎಲೆ ಮೇಲಿನ ಹುಳ ಕೊಲ್ಲುವ ಈ ಹೆಂಗಸು ಮನೆಗೆ ಹೋದ ಮೇಲೆ ಮಾಡುವ ಕೆಲಸ, ಎಲೆ ಹಾಕಿ ಹುಳ ಸಾಕುವುದು! ಬ್ರಹ್ಮಗಿರಿ ದಾರಿಯ ಹಟ್ಟಿಯಲ್ಲಿ ಇವರದೊಂದು ರೇಷ್ಮೆ ಹುಳುಮನೆ ಇದೆ. ಗಂಡ ಕೆಂಚಣ್ಣ, ಮಗಳು ಹರ್ಷಿತಾ, ಮೂವರೂ ಅದರಲ್ಲೇ ದುಡಿಯುತ್ತಾರೆ. ರೇಷ್ಮೆ ಹುಳದಂಥ ನಾಜೂಕಿನ ಜೀವ ಇನ್ನೊಂದಿಲ್ಲ. ಹೊಗೆಸೊಪ್ಪು ಜಗಿಯುವವರನ್ನು ಇವರು ಬಾಗಿಲ ಹತ್ತಿರವೂ ಬಿಡುವುದಿಲ್ಲ.

ಹಿಂದೊಮ್ಮೆ ಪಕ್ಕದ ಜೋಗಪ್ಪನ ಈರುಳ್ಳಿ ಹೊಲಕ್ಕೆ ಹೊಡೆದ ಔಷಧಿ ಗಾಳಿಗೆ ತೇಲಿ ಬಂದು ಇವರ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತಿತ್ತು. “ಆ ಸೊಪ್ಪು ನಾನೇ ಹಾಕಿದ್ದೆ. ಹುಳ ತಲೆ ಎತ್ತೆತ್ತಿ ಒದ್ದಾಡಿದ್ವು. ಹಸಿರು ಕಕ್ಕಿದ್ವು. ಸಂಜಿಗೆ ಒಂದೂ ಉಳೀಲಿಲ್ಲ. ಆವತ್ತಿಂದ ನನ್ನ ಕೈ ಕಂಡ್ರೆ ನಂಗೇ ಭಯ.” ಅದಕ್ಕೇ ಯಾವ ಮನೆಯಲ್ಲೂ ಕರಿಯಕ್ಕ ಸ್ಪ್ರೇ ಮುಟ್ಟುವುದಿಲ್ಲ. ಕೈಗವಸು ತೊಟ್ಟರೆ ಸಂದಿಯ ತಿಗಣೆ ಬೆರಳಿಗೆ ಸಿಗುವುದಿಲ್ಲವೆಂದು ಬರಿಗೈಯಲ್ಲೇ ಉಜ್ಜುತ್ತಾರೆ. ಮನೆಗೆ ಹೋಗಿ ಸ್ನಾನ ಮಾಡಿ ಸೀರೆ ಬದಲಿಸದೆ ಹುಳುಮನೆಗೆ ಕಾಲಿಡುವುದಿಲ್ಲ.

ಈ ದಿನ ನಾಲ್ಕನೇ ಕುಂಡಕ್ಕೆ ಬಂದಾಗ ಅವರ ಕೈ ನಿಂತುಬಿಡುತ್ತದೆ. ಬುಡದ ಮಣ್ಣಿನ ಮೇಲೆ ಇರುವೆಗಳು ಸತ್ತು ಬಿದ್ದಿವೆ. ಬೆರಳು ಮೂಸುತ್ತಾರೆ. ಪೂಜೆಯ ಊದುಬತ್ತಿಯ ಘಮದಲ್ಲಿ ಇಷ್ಟು ಹೊತ್ತು ಗೊತ್ತಾಗದ ವಾಸನೆ ಈಗ ಮೂಗಿಗೆ ಹೊಡೆಯುತ್ತದೆ.

ಕಾಫಿ ಲೋಟ ಹಿಡಿದು ಬಂದ ಶೈಲಜಾ ನಗುತ್ತಲೇ ಹೇಳುತ್ತಾರೆ: “ನಿನ್ನೆ ಇವ್ರು ಔಷಧಿ ತಂದು ಹೊಡೆದ್ರು ಕರಿಯಕ್ಕ. ನಿನಗೂ ಕೆಲಸ ಹಗುರ ಆಗ್ಲಿ ಅಂತ.”

ಕರಿಯಕ್ಕನ ಮನೆಯಲ್ಲಿ ಹುಳ ಕೊನೆಯ ಸಲ ಪೊರೆ ಬಿಟ್ಟು, ಅಂದರೆ ನಾಲ್ಕನೇ ಜ್ವರ ಎದ್ದು, ವಾರದಿಂದ ಹೊಟ್ಟೆಬಾಕರ ಹಾಗೆ ತಿನ್ನುತ್ತಿವೆ. ನಾಳೆಯೋ ನಾಡಿದ್ದೋ ಗೂಡು ಕಟ್ಟಬೇಕು. ಕಾಫಿಯನ್ನೂ ಮುಟ್ಟದೆ ನಲ್ಲಿಯ ಕೆಳಗೆ ಕೈ ತಿಕ್ಕಿ ತಿಕ್ಕಿ ತೊಳೆದು, ಮಗಳಿಗೆ ಫೋನ್ ಮಾಡುತ್ತಾರೆ.

ಹರ್ಷಿತಾಳ ಸ್ಕೂಟಿಯ ಹಿಂದೆ ಕೂರುವಾಗಲೇ ಎಚ್ಚರಿಸುತ್ತಾರೆ: “ನನ್ನ ಮುಟ್ಟಬ್ಯಾಡ. ಸೊಪ್ಪು ನೀನೇ ಹಾಕು, ನಾನು ಒಳಗೆ ಬರಲ್ಲ.” ಹಟ್ಟಿ ಸೇರಿದ ಮೇಲೆ ಮಗಳು ಸೊಪ್ಪಿನ ಹೊರೆ ಹೊತ್ತು ಹುಳುಮನೆಗೆ ಹೋಗುತ್ತಾಳೆ, ತಾಯಿ ಬಚ್ಚಲಿಗೆ. ಎರಡು ಚೊಂಬು ನೀರು ಹಾಕಿಕೊಂಡಿದ್ದಾರೆ ಅಷ್ಟೇ, ಆಗ ನೆನಪಾಗುತ್ತದೆ. ದಾರಿಯಲ್ಲಿ ರಸ್ತೆ ಉಬ್ಬು ಬಂದಾಗ ಬೀಳುವ ಭಯಕ್ಕೆ ಮಗಳ ಹೆಗಲು ಹಿಡಿದಿದ್ದರು. ಸೊಪ್ಪಿನ ಹೊರೆ ಹೋದದ್ದು ಅದೇ ಹೆಗಲ ಮೇಲೆ.

ಒದ್ದೆ ಸೀರೆಯಲ್ಲೇ ಓಡಿ ಬರುತ್ತಾರೆ. ಅಷ್ಟರಲ್ಲಿ ಸೊಪ್ಪು ಹರಡಿಯಾಗಿದೆ, ಹುಳ ತಿನ್ನತೊಡಗಿವೆ. ಕಿಟಕಿಯ ಆಚೆ ನಿಂತು ಕೂಗುತ್ತಾರೆ: “ಹರ್ಷಿ, ತಲೆ ಎತ್ತಿದಾವಾ?”

“ಇಲ್ಲವ್ವ, ತಿಂತಾವೆ.”

“ಸರಿಯಾಗಿ ನೋಡೇ!”

ಕೆಂಚಣ್ಣ ಮೇಲಿನ ಸೊಪ್ಪನ್ನೆಲ್ಲ ತೆಗೆದು ಹೊರಗೆಸೆಯುತ್ತಾರೆ. ಆದರೆ ಹೊಟ್ಟೆಗೆ ಹೋದದ್ದನ್ನು ತೆಗೆಯುವವರು ಯಾರು? ಕರಿಯಕ್ಕ ಕಿಟಕಿ ಬಿಟ್ಟು ಕದಲುವುದಿಲ್ಲ. ಸೊಪ್ಪು ತಿನ್ನುವ ಸರಬರ ಸದ್ದು ಕೊಂಚ ತಗ್ಗಿದರೂ ಕಿಟಕಿಗೆ ಕಿವಿ ಹಚ್ಚುತ್ತಾರೆ. ಮಧ್ಯಾಹ್ನದ ಮುದ್ದೆ ತಟ್ಟೆಯಲ್ಲೇ ಆರಿ ಗಟ್ಟಿಯಾಗುತ್ತದೆ. ಕತ್ತಲಾದರೂ ಅದೇ ಪ್ರಶ್ನೆ, ಒಳಗಿನಿಂದ ಅದೇ ಉತ್ತರ.

ಮರುದಿನ ಬೆಳಗ್ಗೆ ಕೆಂಚಣ್ಣನ ದನಿ ಹಟ್ಟಿಗೆಲ್ಲ ಕೇಳುತ್ತದೆ: “ಹಣ್ಣಾಗ್ಯಾವೆ ಕಣೇ! ಚಂದ್ರಿಕೆ ತಗಂಡು ಬಾ!” ಗೂಡು ಕಟ್ಟಲು ಹೊರಟ ಹುಳ ಹಳದಿ ಬಣ್ಣಕ್ಕೆ ತಿರುಗಿವೆ. ಗೂಡು ಕಟ್ಟಲು ಹುಳ ಬಿಡುವ ಬಿದಿರಿನ ತಟ್ಟೆ, ಆ ಚಂದ್ರಿಕೆಯನ್ನು ಹೊತ್ತು ತಂದ ಕರಿಯಕ್ಕ ಅದನ್ನು ಹೊಸ್ತಿಲಾಚೆಯೇ ಇಳಿಸುತ್ತಾರೆ. ಮೂರು ಸಲ ಸ್ನಾನವಾಗಿದೆ, ಆದರೂ ಒಳಗೆ ಹೋಗುವ ಧೈರ್ಯವಿಲ್ಲ. ಹೊರಗಿನಿಂದಲೇ ಇಣುಕಿ ನೋಡಿ ಬಿಕ್ಕಿಬಿಕ್ಕಿ ಅಳುತ್ತಾರೆ.

ಮತ್ತೆ ಶೈಲಜಾ ಅವರ ಮನೆಗೆ ಹೋದಾಗ ಕರಿಯಕ್ಕ ಗೇಟು ದಾಟುವುದಿಲ್ಲ. ಗೇಟಿನಾಚೆ ನಿಂತು, ಎರಡೂ ಕೈ ಸೆರಗಿನೊಳಗೆ ಇಟ್ಟುಕೊಂಡು, ಕೇಳುವುದು ಇಷ್ಟೇ:

“ಔಷಧಿ ಹೊಡೆದಿದ್ರೆ ಇಲ್ಲೇ ಹೇಳ್ಬಿಡ್ರಿ ಅಮ್ಮಾರೆ. ಆವತ್ತಿನ ಕೂಲಿ ಬ್ಯಾಡ, ವಾಪಸ್ ಹೋಗ್ತೀನಿ. ಒಳಗೆ ಕರೆದು ಆಮೇಲೆ ಹೇಳಬ್ಯಾಡ್ರಿ.”