ಸಮುದ್ರ ಆಗಿಬರದವಳು

ಕುವಬಾರಾ ಚಿಜುರುಗೆ ನಲವತ್ತೈದು ತುಂಬಿದರೂ ಕೆಲಸ ಕಾಯಂ ಆಗಿರಲಿಲ್ಲ. ಜಪಾನಿನ ಹೊಕ್ಕೈದೊ ದ್ವೀಪದ ಕರಾವಳಿಯ ಸಂಶೋಧನಾ ಕೇಂದ್ರದಲ್ಲಿ ಕಡಲಪಾಚಿಗೆ ಬರುವ ರೋಗಗಳನ್ನು ನೋಡುತ್ತಾ ಅರ್ಧ ಆಯುಸ್ಸು ಸವೆಸಿದ್ದಳು. ಮಾರ್ಚಿಗೆ ಗುತ್ತಿಗೆ ಮುಗಿಯುತ್ತೆ, ಮುಂದಕ್ಕಿಲ್ಲ ಅಂತ ಆಫೀಸಿನವರು ಹೇಳಿಯೂ ಆಗಿತ್ತು. ಮದುವೆಯಿಲ್ಲ, ಮಕ್ಕಳಿಲ್ಲ. ತನ್ನವರು ಅಂತ ಇದ್ದದ್ದು ಜಲಸಂಧಿಯಾಚೆ ಅಒಮೊರಿಯಲ್ಲಿ ಒಬ್ಬ ಅಕ್ಕ.

ಅಂಥ ಹೊತ್ತಿನಲ್ಲಿ ಅದೇ ಕೇಂದ್ರದಲ್ಲಿ ಹೆಂಗಸರಿಗೇ ಅಂತ ಒಂದು ಕಾಯಂ ಹುದ್ದೆ ಬಂತು. ಪಕ್ಕದ ಮೇಜಿನ ನಾಗುಮೊ, ಅವನದೂ ಗುತ್ತಿಗೆಯೇ, ಹೊಟ್ಟೆ ಉರಿದುಕೊಂಡ.

"ನಿಮಗೇನ್ರೀ ಕುವಬಾರಾ ಸಾನ್! ಹೆಣ್ಣಾಗಿ ಹುಟ್ಟಿದ್ದೇ ಸಾಕು, ಕುರ್ಚಿ ಕಾದು ಕೂತಿದೆ. ಇದೇನಾ ಸಮಾನ ಅವಕಾಶ ಅಂದ್ರೆ?"

ಚಿಜುರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅಂದಿನಿಂದ ಅವನು ಮಧ್ಯಾಹ್ನದ ಊಟಕ್ಕೆ ಅವಳ ಜೊತೆ ಕೂರುವುದನ್ನೇ ಬಿಟ್ಟ.

ಅವನಿಗೆ ಹಳೇ ಕತೆ ಏನು ಗೊತ್ತು? ಚಿಜುರು ವಿದ್ಯಾರ್ಥಿನಿಯಾಗಿದ್ದಾಗ ಕೇಂದ್ರದ ದೋಣಿ ನಡೆಸುತ್ತಿದ್ದ ಮುದುಕ ಹೆಂಗಸರನ್ನು ಹತ್ತಿಸುತ್ತಿರಲಿಲ್ಲ. ದೋಣಿಯ ದೇವಿ ಹೆಣ್ಣು, ಇನ್ನೊಬ್ಬ ಹೆಣ್ಣನ್ನು ಕಂಡರೆ ಅವಳಿಗೆ ಹೊಟ್ಟೆಕಿಚ್ಚು, ಬಿರುಗಾಳಿ ಎಬ್ಬಿಸುತ್ತಾಳೆ ಅನ್ನುತ್ತಿದ್ದ. ಅವಳಿಗೆ ಕಲಿಸುತ್ತಿದ್ದ, ಆಗಿನ್ನೂ ಪ್ರಾಯದ ಒರಿತೊ ಮೇಷ್ಟ್ರು, "ಸುಮ್ನೆ ರಗಳೆ ಯಾಕಮ್ಮ? ನೀನು ದಡದಲ್ಲೇ ಇರು. ನಮಗೆ ಅನ್ನದುಂಡೆ ಕಟ್ಟಿಕೊಡು, ಸಾಕು" ಅಂದಿದ್ದರು. ಕಟ್ಟಿಕೊಟ್ಟಳು, ಒಳಗೆ ಉಪ್ಪು ಹಾಕಿದ ಪ್ಲಮ್ ಹಣ್ಣು ಇಟ್ಟು. ಜೊತೆಗೆ ಓದುತ್ತಿದ್ದ ಹುಡುಗರು ಕಡಲಿಂದ ಪಾಚಿ ತಂದರು, ಇವಳು ಸೂಕ್ಷ್ಮದರ್ಶಕದಲ್ಲಿ ಕಣ್ಣು ಸವೆಸಿದಳು. ಪ್ರಬಂಧದ ಮೇಲೆ ಕಡಲಿಗೆ ಹೋದವರ ಹೆಸರು ಮೊದಲು. ಆಮೇಲೆ ಮುದುಕ ಸತ್ತ, ಕಟ್ಟಳೆಯೂ ಹೋಯಿತು. ಆದರೆ ಅಷ್ಟರಲ್ಲಿ ಇವಳು ದಡದವಳು ಅಂತಲೇ ಆಗಿಬಿಟ್ಟಿದ್ದಳು. ಯಾರೂ ಕರೆಯಲಿಲ್ಲ, ಇವಳೂ ಕೇಳಲಿಲ್ಲ.

ಸಂದರ್ಶನದಲ್ಲಿ ನಡುವಿನ ಕುರ್ಚಿಯಲ್ಲಿ ಕೂತಿದ್ದವರು ಅದೇ ಒರಿತೊ ಮೇಷ್ಟ್ರು. ತಲೆ ಪೂರ್ತಿ ಬೆಳ್ಳಗಾಗಿತ್ತು.

"ಕೆಲಸ ಎಲ್ಲಾ ಚೆನ್ನಾಗಿದೆ ಕುವಬಾರಾ ಸಾನ್. ಆದ್ರೆ ಇಷ್ಟು ವರ್ಷದಲ್ಲಿ ಒಂದು ಸಲನೂ ಕಡಲಿಗೆ ಹೋಗಿಲ್ವಲ್ಲ, ಯಾಕೆ?"

ಚಿಜುರು ಅವರ ಮುಖ ನೋಡಿದಳು. ನಾಟಕವಲ್ಲ, ಪಾಪ, ನಿಜವಾಗಿಯೂ ಮರೆತಿದ್ದರು. ಇದ್ದದ್ದು ಹೇಳಿದರೆ ಕೆಲಸ ಸಿಗಬಹುದು. ಆದರೆ ನಿವೃತ್ತಿಯ ಹೊಸ್ತಿಲಲ್ಲಿರುವ ಗುರುವಿಗೆ ನಾಲ್ಕು ಜನರೆದುರು ಮುಖಭಂಗ ಮಾಡುವುದುಂಟೆ?

"ಕ್ಷಮಿಸಿ ಮೇಷ್ಟ್ರೇ. ನನಗೆ ಸಮುದ್ರ ಆಗಿಬರಲ್ಲ. ದೋಣಿ ಹತ್ತಿದ್ರೆ ವಾಂತಿ."

"ಅಯ್ಯೋ, ಹೌದಾ!" ಎಂದು ಮೇಷ್ಟ್ರು ನಕ್ಕರು. ಎಲ್ಲರೂ ನಕ್ಕರು.

ಹುಚ್ಚು ಹೆಂಗಸು! ಮರ್ಯಾದೆ ಉಳಿಸಿದ್ದು ಯಾರದು, ಅನ್ನ ಕಳೆದುಕೊಂಡದ್ದು ಯಾರು? ಹುದ್ದೆ ಟೋಕಿಯೊದ ಹುಡುಗಿಯೊಬ್ಬಳಿಗೆ ಹೋಯಿತು. ಅವಳು ಬೇಕಾದಷ್ಟು ಸಲ ಕಡಲಿಗೆ ಹೋಗಿ ಬಂದವಳು.

ಮಾರ್ಚಿಗೆ ಗುತ್ತಿಗೆ ಮುಗಿಯಿತು. ಅಕ್ಕನ ಮನೆಗೆ ಯಾವಾಗಲೂ ಕಡಲಡಿಯ ಸುರಂಗದ ರೈಲಿನಲ್ಲೇ ಹೋಗುತ್ತಿದ್ದ ಚಿಜುರು ಈ ಸಲ ಹಡಗಿನ ಟಿಕೆಟ್ ತೆಗೆಸಿದಳು. ಬೀಳ್ಕೊಡುವ ದಿನ ಮೇಷ್ಟ್ರು ಅಕ್ಕರೆಯಿಂದ ಒಂದು ಪೊಟ್ಟಣ ಕೈಗಿಟ್ಟರು.

"ಹಡಗಲ್ಲಿ ಹೋಗ್ತೀಯಂತೆ? ನಿನಗೆ ಆಗಲ್ವಲ್ಲಮ್ಮಾ! ವಾಂತಿ ಮಾತ್ರೆ ಇದೆ, ಹತ್ತೋಕೆ ಮುಂಚೇನೇ ತಗೋ, ಮರೀಬೇಡ."

ತುಂಬಾ ಉಪಕಾರವಾಯಿತು ಅಂತ ಬಗ್ಗಿ ನಮಸ್ಕರಿಸಿದಳು.

ಜಲಸಂಧಿಯಲ್ಲಿ ಆವತ್ತು ಅಲೆ ಜೋರು. ಹಡಗಿನೊಳಗೆ ಚಾಪೆ ಹಾಸಿದ ಪ್ರಯಾಣಿಕರ ಕೋಣೆಯಲ್ಲಿ ಗಂಡಸರು ಹೆಂಗಸರು ಎನ್ನದೆ ಎಲ್ಲರೂ ಚೀಲ ಹಿಡಿದು ಓಕರಿಸುತ್ತಿದ್ದರು. ಚಿಜುರು ಮೂಲೆಯಲ್ಲಿ ಒಬ್ಬಳೇ ಕೂತು ತಾನು ಕಟ್ಟಿ ತಂದಿದ್ದ ಅನ್ನದುಂಡೆ ತಿನ್ನುತ್ತಿದ್ದಳು. ಮುಖ ಬಿಳಿಚಿಕೊಂಡಿದ್ದ ಪಕ್ಕದ ಅಜ್ಜಿಗೆ ಮಾತ್ರೆಯ ಪೊಟ್ಟಣ ಪೂರ್ತಿ ಕೊಟ್ಟುಬಿಟ್ಟಳು.

"ನಿಮಗೆ ಬೇಡ್ವೇನಮ್ಮಾ?" ಅಜ್ಜಿ ಕೇಳಿದಳು.

"ಬೇಡ ಅಜ್ಜಿ. ನನಗೆ ಏನೂ ಆಗ್ತಿಲ್ಲ," ಅಂದಳು ಚಿಜುರು. ಹೇಳುತ್ತಿದ್ದಂತೆ ಅಳು ನುಗ್ಗಿ ಬಂತು. ಅಜ್ಜಿ ಆಗಲೇ ಚೀಲದೊಳಗೆ ಮುಖ ಹಾಕಿದ್ದಳು, ಕೇಳಿಸಿಕೊಳ್ಳಲಿಲ್ಲ.